ಚಿತ್ರಕಾರ ಶಗಾಲ್ ಮತ್ತು ಪೌರತ್ವದ ಕಾಗದ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೊಬ್ಬ ದೊಡ್ಡವರ ಜೀವನದ ಬಗ್ಗೆ ಬರೆದುಕೊಡು ಎಂದು ನಮ್ಮ ಮೇಷ್ಟ್ರು ಫೋನ್ ಮಾಡಿದಾಗ ನನಗೆ ನೆನಪಾದವರು ಮಾರ್ಕ್ ಶಗಾಲ್. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಚಿತ್ರಕಲೆಯ ಒಳಗುಟ್ಟು ನನಗೆ ಗೊತ್ತಿಲ್ಲ. ಆದರೆ ಶಗಾಲ್ ಅವರ ಚಿತ್ರಗಳಲ್ಲಿ ಹಸು, ಮೇಕೆ, ಹುಂಜ, ಮರದ ಮನೆ, ಮನೆಯ ಸೂರಿನ ಮೇಲೆ ನಿಂತು ಪಿಟೀಲು ನುಡಿಸುವವನು ಎಲ್ಲ ಇರುವುದರಿಂದ ನಮ್ಮಂಥ ಹಳ್ಳಿಯವರಿಗೆ ಅವು ಬೇಗ ಹತ್ತಿರವಾಗುತ್ತವೆ. ಆ ಚಿತ್ರಗಳ ಹಿಂದೆ ಇನ್ನೊಂದು ಕತೆಯಿದೆ. ಅದು ಕಾಗದಪತ್ರದ ಕತೆ.

ಶಗಾಲ್ ಹುಟ್ಟಿದ್ದು 1887ರಲ್ಲಿ, ವಿಟೆಬ್ಸ್ಕ್ ಎಂಬ ಊರಿನ ಬಡ ಯಹೂದಿ ಕುಟುಂಬದಲ್ಲಿ. ಆಗ ಅದು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು, ಈಗ ಬೆಲಾರೂಸ್ ದೇಶದಲ್ಲಿದೆ. ಒಂಬತ್ತು ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ಮೀನಿನ ಮಂಡಿಯಲ್ಲಿ ಭಾರವಾದ ಪೀಪಾಯಿಗಳನ್ನು ಎತ್ತುವ ಕೆಲಸ ಮಾಡುತ್ತಿದ್ದರು. ತಾಯಿ ಮನೆಯಲ್ಲೇ ಸಣ್ಣ ದಿನಸಿ ಅಂಗಡಿ ಇಟ್ಟಿದ್ದರು. ಊರಿನ ಸರ್ಕಾರಿ ಶಾಲೆ ಯಹೂದಿ ಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ ತಾಯಿ ಹಿಂದೆಮುಂದೆ ನೋಡದೆ 50 ರೂಬಲ್ ಲಂಚ ಕೊಟ್ಟು ಮಗನನ್ನು ಸೇರಿಸಿದರು. ಲಂಚ ತಪ್ಪೇ. ಆದರೂ ಇಲ್ಲಿ ಆ ತಾಯಿಯನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮುಂದೆ ಚಿತ್ರ ಕಲಿಯಲು ಸೇಂಟ್ ಪೀಟರ್ಸ್‌ಬರ್ಗಿಗೆ ಹೋದಾಗಲೂ ಅದೇ ಕಷ್ಟ. ರಾಜಧಾನಿಯಲ್ಲಿ ವಾಸಿಸಲು ಯಹೂದಿಗಳಿಗೆ ಪರವಾನಗಿ ಬೇಕಿತ್ತು. ಅದಿಲ್ಲದೆ ಸಿಕ್ಕಿಬಿದ್ದ ಹುಡುಗ ಕೆಲವು ದಿನ ಜೈಲಿನಲ್ಲಿ ಕಳೆಯಬೇಕಾಯಿತು.

1910ರಲ್ಲಿ ಪ್ಯಾರಿಸ್ಸಿಗೆ ಹೋದರು. 1914ರಲ್ಲಿ ಊರಿಗೆ ಬಂದಾಗ ಮಹಾಯುದ್ಧ ಶುರುವಾಗಿ ಅಲ್ಲೇ ಉಳಿದರು. ಪ್ರೀತಿಸಿದ ಬೆಲ್ಲಾ ಅವರನ್ನು ಮದುವೆಯಾದರು, ಮಗಳು ಇಡಾ ಹುಟ್ಟಿದಳು. ಕ್ರಾಂತಿಯಾದ ಮೇಲೆ 1918ರಲ್ಲಿ ಅವರನ್ನು ವಿಟೆಬ್ಸ್ಕಿನ ಕಲಾ ಕಮಿಸಾರ್ ಆಗಿ ನೇಮಿಸಿದರು. ತಮ್ಮನ್ನು ಬಾಗಿಲಲ್ಲೇ ತಡೆದಿದ್ದ ಊರಿನಲ್ಲಿ ಅವರು ಒಂದು ಕಲಾಶಾಲೆ ತೆರೆದರು. ಶಿಕ್ಷಕರ ನಡುವೆ ಭಿನ್ನಾಭಿಪ್ರಾಯ ಬಂದು 1920ರಲ್ಲಿ ಬಿಟ್ಟು ಹೋಗಬೇಕಾಯಿತು, ಅದು ಬೇರೆ ಮಾತು. 1923ರಿಂದ ಮತ್ತೆ ಪ್ಯಾರಿಸ್.

ಫ್ರಾನ್ಸಿನ ಪೌರತ್ವಕ್ಕೆ ಹಾಕಿದ ಅರ್ಜಿ ಮೊದಲು ತಿರಸ್ಕೃತವಾಯಿತು. ಹಿಂದೆ ಕಮಿಸಾರ್ ಆಗಿದ್ದದ್ದೇ ಅಡ್ಡಿ! ಸಾಹಿತಿ ಮಿತ್ರರು ಓಡಾಡಿದ ಮೇಲೆ 1937ರಲ್ಲಿ ಪೌರತ್ವ ಸಿಕ್ಕಿತು. ಅದೇ ವರ್ಷ ಹಿಟ್ಲರನ ಸರ್ಕಾರ ಮ್ಯೂನಿಕ್‌ನಲ್ಲಿ ಕೀಳು ಕಲೆ ಎಂದು ಹೀಯಾಳಿಸಲು ಏರ್ಪಡಿಸಿದ ಪ್ರದರ್ಶನದಲ್ಲಿ ಇವರ ಚಿತ್ರಗಳನ್ನೂ ತೂಗುಹಾಕಿತು. ಜರ್ಮನಿಯಲ್ಲಿ ಏನೇ ಆಗಲಿ, ತಾವೀಗ ಫ್ರಾನ್ಸಿನ ಪ್ರಜೆ ಎಂಬ ಧೈರ್ಯ ಶಗಾಲ್ ದಂಪತಿಗೆ ಇತ್ತು.

ಆ ಧೈರ್ಯ ಮೂರೇ ವರ್ಷ. 1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಸೋತಿತು. ಮಾರ್ಷಲ್ ಪೆತಾಂ ನೇತೃತ್ವದಲ್ಲಿ ವಿಷಿ ಪಟ್ಟಣದಿಂದ ಹೊಸ ಸರ್ಕಾರ ನಡೆಯತೊಡಗಿತು. ಜುಲೈ 22ರಂದು ಅದು ಒಂದು ಕಾನೂನು ತಂದಿತು. 1927ರಿಂದ ಈಚೆಗೆ ಪೌರತ್ವ ಪಡೆದ ಎಲ್ಲರ ಕಡತಗಳನ್ನೂ ಮರುಪರಿಶೀಲಿಸುವುದು, ಬೇಡವೆನಿಸಿದವರ ಪೌರತ್ವ ಹಿಂತೆಗೆಯುವುದು. ಯಹೂದಿ ಎಂಬ ಪದವೇ ಆ ಕಾನೂನಿನಲ್ಲಿ ಇರಲಿಲ್ಲ. ಆದರೆ ಕಡತ ತಿರುವಿ ಹಾಕುವ ಆಯೋಗಕ್ಕೆ ಹೆಸರು ನೋಡಿದರೆ ಸಾಕಾಗುತ್ತಿತ್ತು. ಗಂಡನ ಪೌರತ್ವ ಹೋದರೆ ಹೆಂಡತಿ ಮಕ್ಕಳದ್ದನ್ನೂ ತೆಗೆಯಬಹುದಿತ್ತು. ನಾಲ್ಕು ವರ್ಷಗಳಲ್ಲಿ ಸುಮಾರು 15,000 ಜನ ಹೀಗೆ ಪೌರತ್ವ ಕಳೆದುಕೊಂಡರು. ಅವರಲ್ಲಿ ಸುಮಾರು 6,000 ಮಂದಿ ಯಹೂದಿಗಳು.

ಕಾಗದ ಹೋದರೆ ಏನಾಯಿತು, ಮನುಷ್ಯ ಇದ್ದಾನಲ್ಲ ಎನಿಸಬಹುದು. ಅದೇ ಅಕ್ಟೋಬರ್ 3ರ ಕಾನೂನು ಯಹೂದಿಗಳನ್ನು ಶಿಕ್ಷಕ ವೃತ್ತಿಯಿಂದ, ಸರ್ಕಾರಿ ನೌಕರಿಯಿಂದ ಹೊರಗಿಟ್ಟಿತು. ಮರುದಿನದ ಕಾನೂನಿನ ಪ್ರಕಾರ ವಿದೇಶಿ ಯಹೂದಿಗಳನ್ನು ಜಿಲ್ಲಾಧಿಕಾರಿ ಶಿಬಿರದಲ್ಲಿ ಕೂಡಿಹಾಕಬಹುದಿತ್ತು. ಇವೆರಡನ್ನೂ ಜೊತೆಗಿಟ್ಟು ನೋಡಿ: ಇಂದು ಪೌರತ್ವ ಕಿತ್ತುಕೊಂಡರೆ ನಾಳೆ ಆತ ವಿದೇಶಿ, ನಾಡಿದ್ದು ಶಿಬಿರ. 1942ರ ಜುಲೈನಲ್ಲಿ ಪ್ಯಾರಿಸ್ಸಿನ ಪೊಲೀಸರು ಎರಡು ದಿನದಲ್ಲಿ 13,000ದಷ್ಟು ಜನರನ್ನು ಹಿಡಿದಾಗ ಮೊದಲು ಸಿಕ್ಕವರು ಇಂಥ ವಿದೇಶಿ, ದೇಶವಿಲ್ಲದ ಯಹೂದಿಗಳೇ. ಅವರಲ್ಲಿ 4,000ಕ್ಕೂ ಹೆಚ್ಚು ಮಕ್ಕಳಿದ್ದರು. ಬಹುಪಾಲು ಜನರನ್ನು ಆಶ್‌ವಿಟ್ಜ್‌ಗೆ ಸಾಗಿಸಿ ಕೊಂದರು.

ಶಗಾಲ್ ಅವರದು 1937ರ ಪೌರತ್ವ. ಆ ಕಾನೂನಿನ ಬಾಯಿಗೆ ನೇರವಾಗಿ ಬೀಳುವಂಥದ್ದು. ಆದರೆ ಅವರು ಬೇಗ ಎಚ್ಚೆತ್ತುಕೊಳ್ಳಲಿಲ್ಲ. ದಕ್ಷಿಣದ ಗೋರ್ದ್ ಎಂಬ ಬೆಟ್ಟದ ಹಳ್ಳಿಯಲ್ಲಿ, ಹಿಂದೆ ಹೆಣ್ಣುಮಕ್ಕಳ ಶಾಲೆಯಾಗಿದ್ದ ಕಟ್ಟಡವೊಂದನ್ನು ಕೊಂಡು ಚಿತ್ರ ಬರೆಯುತ್ತಾ ಕೂತಿದ್ದರು. ಕಲಾವಿದರನ್ನು, ಲೇಖಕರನ್ನು ಪಾರುಮಾಡಲು ಅಮೆರಿಕದಿಂದ ಬಂದಿದ್ದ ವೇರಿಯನ್ ಫ್ರೈ ಎಂಬ ಯುವಕ ಅಲ್ಲಿಗೇ ಹೋಗಿ ಹೊರಡಿ ಎಂದು ಒತ್ತಾಯಿಸಿದ. ಶಗಾಲ್ ಅವರಿಗೆ ಇದ್ದ ಚಿಂತೆ, ಅಮೆರಿಕದಲ್ಲಿ ಹಸುಗಳು ಇವೆಯೋ ಇಲ್ಲವೋ ಎಂದು! ಇವೆ ಎಂದು ತಿಳಿದು ಸಮಾಧಾನವಾಯಿತಂತೆ. ನಗು ಬರುತ್ತದೆ. ಆದರೆ ಊರು ಬಿಟ್ಟು ಹೋದವರಿಗೆ ಆ ಪ್ರಶ್ನೆಯ ಅರ್ಥ ಗೊತ್ತು.

1941ರ ಏಪ್ರಿಲ್‌ನಲ್ಲಿ ಮಾರ್ಸೆ ನಗರದ ಹೋಟೆಲಿನಲ್ಲಿದ್ದಾಗ ಪೊಲೀಸರು ಯಹೂದಿಗಳನ್ನು ಹುಡುಕಿ ಹಿಡಿದರು, ಶಗಾಲ್ ಕೂಡ ಸಿಕ್ಕಿಬಿದ್ದರು. ಬೆಲ್ಲಾ ಫ್ರೈಗೆ ಸುದ್ದಿ ಮುಟ್ಟಿಸಿದರು. ಲೋಕಪ್ರಸಿದ್ಧ ಚಿತ್ರಕಾರನನ್ನು ಹಿಡಿದ ಸುದ್ದಿ ಹೊರಗೆ ಬಂದರೆ ನಿಮ್ಮ ಸರ್ಕಾರಕ್ಕೇ ಅವಮಾನ ಎಂದು ಫ್ರೈ ಫೋನಿನಲ್ಲೇ ಪೊಲೀಸರನ್ನು ಬೆದರಿಸಿ ಬಿಡಿಸಿದ. ಪ್ರಸಿದ್ಧಿ ಉಳಿಸಿತು. ಅದೇ ದಿನ ಹಿಡಿದ ದರ್ಜಿಗೋ ಅಂಗಡಿಯವನಿಗೋ ಯಾರು ಫೋನ್ ಮಾಡುತ್ತಿದ್ದರು ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ಮೇ ತಿಂಗಳಲ್ಲಿ ಗಂಡಹೆಂಡತಿ ಸ್ಪೇನ್ ದಾಟಿ, ಲಿಸ್ಬನ್‌ನಿಂದ ಹಡಗು ಹತ್ತಿ ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದರು. ಮಗಳು ಇಡಾ ಆಮೇಲೆ ತಂದೆಯ ಚಿತ್ರಗಳ ಪೆಟ್ಟಿಗೆಗಳ ಸಮೇತ ಬಂದು ಸೇರಿದಳು. 1944ರಲ್ಲಿ ಆ ಕಾನೂನು ರದ್ದಾಯಿತು, ಆಗಸ್ಟ್‌ನಲ್ಲಿ ಪ್ಯಾರಿಸ್ ಬಿಡುಗಡೆಯಾಯಿತು. ಮರಳುವ ಆಸೆಯಲ್ಲಿದ್ದ ಬೆಲ್ಲಾ ಸೆಪ್ಟೆಂಬರ್‌ನಲ್ಲಿ ಕಾಯಿಲೆ ಬಿದ್ದು ತೀರಿಕೊಂಡರು. ತಿಂಗಳುಗಟ್ಟಲೆ ಶಗಾಲ್ ಕುಂಚ ಹಿಡಿಯಲಿಲ್ಲ.

1948ರಲ್ಲಿ ಅವರು ಫ್ರಾನ್ಸಿಗೇ ವಾಪಸಾದರು. ಸರ್ಕಾರ ಪ್ಯಾರಿಸ್ ಒಪೆರಾ ಭವನದ ಒಳಛಾವಣಿಗೆ ಚಿತ್ರ ಬರೆಯಲು ಕೇಳಿದಾಗ, ಹೊರಗಿನವನಿಗೆ ಈ ಕೆಲಸವೇ ಎಂದು ಕೆಲವರು ಗೊಣಗಿದರು. ಶಗಾಲ್ ಸಂಭಾವನೆ ತೆಗೆದುಕೊಳ್ಳದೆ ಸುಮಾರು 220 ಚದರ ಮೀಟರ್ ಅಗಲಕ್ಕೆ ಬಣ್ಣ ತುಂಬಿದರು. 1964ರಲ್ಲಿ ಅದು ಅನಾವರಣಗೊಂಡಾಗ ಅವರಿಗೆ 77 ವರ್ಷ. 1985ರ ಮಾರ್ಚ್ 28ರಂದು, 97ನೇ ವಯಸ್ಸಿನಲ್ಲಿ, ದಕ್ಷಿಣ ಫ್ರಾನ್ಸಿನ ಸಾಂ ಪೋಲ್ ಎಂಬ ಹಳ್ಳಿಯಲ್ಲಿ ತೀರಿಕೊಂಡರು. ಸಮಾಧಿ ಆ ಹಳ್ಳಿಯಲ್ಲೇ ಇದೆ.