ಕಿರಿಯ ಸಹಸಮ್ರಾಟ ಗೆಟಾ

ಕ್ರಿ.ಶ. 189ರ ಮಾರ್ಚ್ 7ರಂದು ರೋಮನ್ ಸಾಮ್ರಾಜ್ಯದ ಒಬ್ಬ ಪ್ರಾಂತಾಧಿಕಾರಿಗೆ ಎರಡನೆಯ ಗಂಡುಮಗು ಹುಟ್ಟಿತು. ಮೊದಲ ಮಗ ಹಿಂದಿನ ವರ್ಷದ ಏಪ್ರಿಲ್ 4ರಂದು ಗಾಲ್ ದೇಶದ ಲುಗ್ಡುನಮ್ ನಗರದಲ್ಲಿ, ಎಂದರೆ ಇಂದಿನ ಫ್ರಾನ್ಸಿನ ಲಿಯಾನಿನಲ್ಲಿ, ಜನಿಸಿದ್ದನು. ಅಣ್ಣತಮ್ಮಂದಿರ ನಡುವಣ ಅಂತರ 11 ತಿಂಗಳು ಮಾತ್ರ. ಈ 11 ತಿಂಗಳುಗಳು ಪದವಿಯ ಲೆಕ್ಕದಲ್ಲಿ 11 ವರ್ಷಗಳಾಗಿ ಬೆಳೆದುದೇ ಕಿರಿಯವನಾದ ಗೆಟಾನ ಬಾಳಿನ ಕಥೆ.

ತಂದೆ ಸೆಪ್ಟಿಮಿಯಸ್ ಸೆವೆರಸ್ ಉತ್ತರ ಆಫ್ರಿಕದ ಕಡಲ ತೀರದ ಲೆಪ್ಟಿಸ್ ಮ್ಯಾಗ್ನಾ ನಗರದವನು. ಅದು ಇಂದಿನ ಲಿಬಿಯಾದಲ್ಲಿದೆ. ತಾಯಿ ಜೂಲಿಯಾ ಡೋಮ್ನಾ ಸಿರಿಯಾದ ಎಮೆಸಾದ ಸೂರ್ಯದೇವಾಲಯದ ಅರ್ಚಕ ಮನೆತನದವಳು. ರಾಜನನ್ನು ವರಿಸುವ ಯೋಗ ಆಕೆಯ ಜಾತಕದಲ್ಲಿದೆಯೆಂದು ಕೇಳಿಯೇ, ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದ ಸೆವೆರಸ್ ಅಷ್ಟು ದೂರದ ಹೆಣ್ಣನ್ನು ಹುಡುಕಿಸಿ ಮದುವೆಯಾದನೆಂಬ ಕಥೆಯುಂಟು. ಜಾತಕದ ಹುಚ್ಚು ಅವನಿಗಿದ್ದುದಂತೂ ನಿಜ. ಹಿರಿಯ ಮಗನಿಗೆ ತಾಯಿಯ ತಂದೆಯ ಹೆಸರಾದ ಬಾಸಿಯಾನಸ್ ಎಂಬುದನ್ನೂ ಕಿರಿಯನಿಗೆ ತನ್ನ ತಂದೆಯ ಹೆಸರಾದ ಗೆಟಾ ಎಂಬುದನ್ನೂ ಇಟ್ಟನು. ನಮ್ಮಲ್ಲಿ ಮೊಮ್ಮಕ್ಕಳಿಗೆ ಅಜ್ಜಂದಿರ ಹೆಸರಿಡುವಂತೆಯೇ ಎಂದುಕೊಳ್ಳಬಹುದು. ಅಲ್ಲಿಯವರೆಗೆ ಇಬ್ಬರೂ ಸಮಾನರು.

192ರ ಕೊನೆಯ ದಿನ ಸಮ್ರಾಟ ಕಮೋಡಸನ ಕೊಲೆಯಾಯಿತು. ಗಡಿನಾಡುಗಳ ಅಧಿಕಾರಿಗಳು ದಂಗೆಯೇಳದಿರಲೆಂದು ಅವರ ಮಕ್ಕಳನ್ನು ರೋಮಿನಲ್ಲಿ ಒತ್ತೆಯಾಗಿರಿಸಿಕೊಳ್ಳುವ ಪದ್ಧತಿ ಅವನದಾಗಿತ್ತು. ಮುಂದೆ ಅಧಿಕಾರಕ್ಕೆ ಬಂದವನೂ ಮೂರೇ ತಿಂಗಳಲ್ಲಿ ಹತನಾದಾಗ, ಡ್ಯಾನ್ಯೂಬ್ ತೀರದಲ್ಲಿದ್ದ ಸೆವೆರಸ್ ಮೊದಲು ಮಾಡಿದ ಕೆಲಸ ಮಕ್ಕಳನ್ನು ಗುಟ್ಟಾಗಿ ರೋಮಿನಿಂದ ಸಾಗಿಸಿದ್ದು ಎಂದು ಇತಿಹಾಸಕಾರ ಹೆರೋಡಿಯನ್ ತಿಳಿಸುತ್ತಾನೆ. ಗೆಟಾನಿಗೆ ಆಗ ನಾಲ್ಕು ವರ್ಷ. ಆ ಏಪ್ರಿಲಿನಲ್ಲಿ ಸೈನ್ಯವು ತಂದೆಯನ್ನು ಸಮ್ರಾಟನೆಂದು ಸಾರಿತು.

ಹೊಸ ದೊರೆಗೆ ಹಳೆಯ ವಂಶದ ಹೆಸರು ಬೇಕಾಗಿತ್ತು. 195ರಲ್ಲಿ ಸೆವೆರಸ್, ಎಂದೋ ತೀರಿಹೋಗಿದ್ದ ಮಾರ್ಕಸ್ ಔರೇಲಿಯಸನಿಗೆ ತನ್ನನ್ನು ತಾನೇ ದತ್ತುಪುತ್ರನೆಂದು ಘೋಷಿಸಿಕೊಂಡನು! ಬಾಸಿಯಾನಸನು ಮಾರ್ಕಸ್ ಔರೇಲಿಯಸ್ ಆಂಟೊನೈನಸ್ ಆದನು. ಲೋಕವು ಅವನನ್ನು ನೆನೆಯುವುದು ಕ್ಯಾರಕಲ್ಲಾ ಎಂಬ ಅಡ್ಡಹೆಸರಿನಿಂದ. ಗೆಟಾ ಮಾತ್ರ ಗೆಟಾನಾಗಿಯೇ ಉಳಿದನು. 198ರಲ್ಲಿ ಪಾರ್ಥಿಯನ್ನರ ರಾಜಧಾನಿಯನ್ನು ಗೆದ್ದ ಸಂಭ್ರಮದಲ್ಲಿ ಒಂಬತ್ತು ವರ್ಷದ ಅಣ್ಣನಿಗೆ ಪೂರ್ಣ ಸಮ್ರಾಟನ ಪದವಿಯಾದ ಅಗಸ್ಟಸ್ ಬಿರುದೂ, ಎಂಟು ವರ್ಷದ ತಮ್ಮನಿಗೆ ಅದಕ್ಕಿಂತ ಕೆಳಗಿನ ಸೀಸರ್ ಬಿರುದೂ ದೊರೆತವು. ನಾಣ್ಯಗಳ ಮೇಲೆ, ಕಮಾನುಗಳ ಮೇಲೆ ಕುಟುಂಬದ ಒಗ್ಗಟ್ಟು ಮೆರೆಯಿತು. ಒಗ್ಗಟ್ಟನ್ನು ಅಷ್ಟು ಸಾರಿ ಹೇಳಬೇಕಾಗಿ ಬಂದುದೇ ಅನುಮಾನಕ್ಕೆ ಎಡೆಕೊಡುತ್ತದೆ.

ಗೆಟಾನ ಬಾಲ್ಯದ ಸ್ವಭಾವವನ್ನು ತಿಳಿಸುವ ಒಂದೆರಡು ಕಥೆಗಳು ಬಹಳ ಕಾಲದ ಅನಂತರ ರಚಿತವಾದ, ಪೂರ್ತಿ ನಂಬಲಾಗದ ಚರಿತ್ರೆಯೊಂದರಲ್ಲಿವೆ. ಎದುರಾಳಿ ಪಕ್ಷದವರನ್ನು ಕೊಲ್ಲಿಸಲು ತಂದೆ ನಿಶ್ಚಯಿಸಿದಾಗ, ಅವರಿಗೂ ತಂದೆತಾಯಿಗಳಿದ್ದಾರೆಯೇ ಎಂದು ಬಾಲಕ ವಿಚಾರಿಸಿದನಂತೆ. ಇದ್ದಾರೆಂದು ತಿಳಿದಾಗ, ಹಾಗಾದರೆ ನಮ್ಮ ಗೆಲುವಿಗೆ ನಗುವವರಿಗಿಂತ ಅಳುವವರೇ ಹೆಚ್ಚು ಎಂದನಂತೆ. ಮತ್ತೊಂದು ಕಥೆ ಭಾಷಾ ವಿದ್ಯಾರ್ಥಿಗಳಿಗೆ ಇನ್ನೂ ಹಿಡಿಸೀತು. ಯಾವ ಪ್ರಾಣಿಯ ಕೂಗಿಗೆ ಯಾವ ಕ್ರಿಯಾಪದವೆಂದು ವೈಯಾಕರಣರನ್ನು ಪ್ರಶ್ನಿಸುವುದು ಅವನ ವಿನೋದವಾಗಿತ್ತು. ಆನೆ ಘೀಳಿಡುತ್ತದೆ, ಕುದುರೆ ಕೆನೆಯುತ್ತದೆ, ಕಪ್ಪೆ ವಟಗುಟ್ಟುತ್ತದೆ ಎಂದು ನಾವು ಹೇಳುವಂತೆ ಲ್ಯಾಟಿನ್ನಿನಲ್ಲಿಯೂ ಒಂದೊಂದಕ್ಕೆ ಒಂದೊಂದು ಮಾತುಂಟು. ಇವು ಕಟ್ಟುಕಥೆಗಳೇ ಆಗಿದ್ದರೂ, ಅಣ್ಣನ ವಿಷಯದಲ್ಲಿ ಹುಟ್ಟದ ಕಥೆಗಳು ತಮ್ಮನ ವಿಷಯದಲ್ಲಿ ಹುಟ್ಟಿದುವು.

ಆದರೂ ಗೆಟಾನನ್ನು ಸಾಧುವೆಂದು ಬಗೆಯಬೇಕಾಗಿಲ್ಲ. ಅವರ ಕಾಲದಲ್ಲಿಯೇ ಇದ್ದ ಸೆನೆಟ್ ಸದಸ್ಯ ಕ್ಯಾಸಿಯಸ್ ಡಿಯೋ ದುಂದುಗಾರಿಕೆ, ಹಣದ ದುರುಪಯೋಗ, ದುಶ್ಚಟಗಳ ದೋಷವನ್ನು ಇಬ್ಬರ ಮೇಲೂ ಹೊರಿಸುತ್ತಾನೆ. ಒಬ್ಬನು ಒಂದು ಪಕ್ಷಕ್ಕೆ ಸೇರಿದರೆ ಇನ್ನೊಬ್ಬನು ಎದುರು ಪಕ್ಷಕ್ಕೆ. ಕೋಳಿ ಅಂಕದಲ್ಲಿಯೂ ಪುರಲೆ ಹಕ್ಕಿಗಳ ಕಾಳಗದಲ್ಲಿಯೂ ಜಗಳ. ತಟ್ಟುಗಳನ್ನು ಹೂಡಿದ ರಥದ ಪಂದ್ಯವೊಂದರಲ್ಲಿ ಹಟಕ್ಕೆ ಬಿದ್ದು ಓಡಿಸಿದಾಗ ಅಣ್ಣನು ಉರುಳಿ ಕಾಲು ಮುರಿದುಕೊಂಡನು. 205ರಲ್ಲಿಯೂ 208ರಲ್ಲಿಯೂ ತಂದೆ ಇಬ್ಬರನ್ನೂ ಜೊತೆಯಾಗಿ ಕಾನ್ಸಲ್ ಹುದ್ದೆಯಲ್ಲಿ ಕೂರಿಸಿದನು. ಫಲವೇನೂ ಕಾಣಲಿಲ್ಲ.

ರೋಮಿನ ಭೋಗಜೀವನದಿಂದ ಮಕ್ಕಳನ್ನು ದೂರವಿಡುವುದು 208ರ ಬ್ರಿಟನ್ ದಂಡಯಾತ್ರೆಯ ಒಂದು ಉದ್ದೇಶವಾಗಿತ್ತು. ಅಣ್ಣನು ತಂದೆಯೊಡನೆ ಉತ್ತರದ ಯುದ್ಧಕ್ಕೆ ಹೋದನು. ತಮ್ಮನು ಹಿಂದೆ ಉಳಿದು ನ್ಯಾಯವಿಚಾರಣೆ, ಆಡಳಿತಗಳನ್ನು ನೋಡಿಕೊಂಡನು. 209ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಅಗಸ್ಟಸ್ ಬಿರುದು ಅವನಿಗೂ ಬಂದಿತು. ಅಣ್ಣನು ಅದನ್ನು ಪಡೆದು ಆಗಲೇ 11 ವರ್ಷಗಳಾಗಿದ್ದುವು. ಸಮಪಾಲಿಗೆ ಒಗ್ಗುವ ಕಾಲ ಮೀರಿಹೋಗಿತ್ತು.

211ರ ಫೆಬ್ರವರಿ 4ರಂದು ಯಾರ್ಕ್ ನಗರದಲ್ಲಿ, ಒಂದಾಗಿರಿ ಎಂದು ಮಕ್ಕಳಿಗೆ ಬುದ್ಧಿ ಹೇಳಿ ಸೆವೆರಸ್ ಕಣ್ಣುಮುಚ್ಚಿದನು. ಇಬ್ಬರೂ ತಂದೆಯ ಚಿತಾಭಸ್ಮದೊಂದಿಗೆ ಹಿಂದಿರುಗುವಾಗ ದಾರಿಯಲ್ಲಿ ಒಂದೇ ಬಿಡಾರದಲ್ಲಿ ತಂಗಲಿಲ್ಲ, ಒಟ್ಟಿಗೆ ಉಣ್ಣಲಿಲ್ಲ. ರೋಮಿನ ಅರಮನೆಯನ್ನು ಎರಡಾಗಿಸಿ ನಡುವಣ ದಾರಿಗಳನ್ನು ಮುಚ್ಚಿಸಿದರು. ಸಾಮ್ರಾಜ್ಯವನ್ನೇ ಪಾಲು ಮಾಡುವ ಮಾತೂ ಬಂದಿತು. ನೆಲವನ್ನು ಹಂಚಿಕೊಂಡೀರಿ, ಹೆತ್ತವಳನ್ನು ಹೇಗೆ ಹಂಚಿಕೊಳ್ಳುವಿರಿ ಎಂದು ಡೋಮ್ನಾ ತಡೆದಳೆಂದು ಹೆರೋಡಿಯನ್ ಬರೆಯುತ್ತಾನೆ. ಆ ಡಿಸೆಂಬರಿನಲ್ಲಿ ರಾಜಿಯ ನೆಪದಲ್ಲಿ ತಾಯಿಯ ಕೋಣೆಗೆ ಕರೆಸಿಕೊಂಡ ಗೆಟಾನನ್ನು ಅಣ್ಣನ ಸೈನಿಕರು ಆಕೆಯ ತೋಳುಗಳಲ್ಲಿಯೇ ಇರಿದು ಕೊಂದರು. ಆಕೆಯ ಕೈಗೂ ಗಾಯವಾಯಿತು. ಮಗನಿಗಾಗಿ ಅಳುವ ಅನುಮತಿಯೂ ಆಕೆಗೆ ದೊರೆಯಲಿಲ್ಲ.

ಮುಂದಿನ ಗುರಿ ಅವನ ಹೆಸರು. ಅದನ್ನು ಶಾಸನಗಳಿಂದ ಕೆತ್ತಿ ತೆಗೆದರು. ಈಜಿಪ್ಟಿನಲ್ಲಿ ದೊರೆತು ಈಗ ಬರ್ಲಿನ್ನಿನಲ್ಲಿರುವ, ಮರದ ಹಲಗೆಯ ಮೇಲೆ ಬರೆದ ಕುಟುಂಬಚಿತ್ರದಲ್ಲಿ ತಂದೆ, ತಾಯಿ, ಒಬ್ಬ ಬಾಲಕ ಇದ್ದಾರೆ. ಮತ್ತೊಬ್ಬ ಬಾಲಕನ ಮುಖವಿರಬೇಕಾದ ಕಡೆ ಅಳಿಸಿದ ಕಲೆಯೊಂದಿದೆ. ರೋಮಿನ ಫೋರಮ್ಮಿನಲ್ಲಿ 203ರಲ್ಲಿ ನಿಂತ ಸೆವೆರಸನ ಕಮಾನಿನ ಮೇಲೆ, ಗೆಟಾನ ಹೆಸರಿದ್ದ ನಾಲ್ಕನೆಯ ಸಾಲಿನಲ್ಲಿ ತಂದೆಯನ್ನೂ ಅಣ್ಣನನ್ನೂ ಹೊಗಳುವ ಮಾತುಗಳನ್ನು ತುಂಬಿದರು. ಮೊದಲಿದ್ದ ಕಂಚಿನ ಅಕ್ಷರಗಳನ್ನು ಕೂರಿಸಲು ಕೊರೆದ ರಂಧ್ರಗಳು ಮಾತ್ರ ಕಲ್ಲಿನಲ್ಲಿ ಉಳಿದುವು. ಶಾಸನಗಳನ್ನು ಓದಬಲ್ಲವರು ಆ ರಂಧ್ರಗಳನ್ನು ಜೋಡಿಸಿ ಅವನ ಹೆಸರನ್ನು ಇಂದಿಗೂ ಓದುತ್ತಾರೆ.