ಈಜಿದರೆ ರಿಕೆಟ್ಸ್ ವಾಸಿಯಾಗುತ್ತದೆಯೇ? ಅನೆಟ್ ಕೆಲ್ಲರ್ಮನ್ ಬದುಕು ಹೇಳುವುದೇನು?

ಅನೆಟ್ ಕೆಲ್ಲರ್ಮನ್ 1886ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಕಾಲುಗಳಲ್ಲಿ ಬಲವಿರಲಿಲ್ಲ. ನಡೆಯಲು ಉಕ್ಕಿನ ಪಟ್ಟಿ ಬೇಕಿತ್ತು. ಅದಕ್ಕೆ ರಿಕೆಟ್ಸ್ ಕಾರಣ ಎನ್ನುತ್ತಾರೆ. ಕಾಲು ಗಟ್ಟಿಯಾಗಲೆಂದು ಮನೆಯವರು ಈಜಿಗೆ ಹಾಕಿದರು. 13ರ ವಯಸ್ಸಿಗೆ ಕಾಲುಗಳು ಹೆಚ್ಚುಕಡಿಮೆ ಸರಿಹೋಗಿದ್ದವು.

1905ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಲು ಹೋಗಿ ಸೋತರು. 1907ರಲ್ಲಿ ನ್ಯೂಯಾರ್ಕ್‌ನ ಹಿಪ್ಪೊಡ್ರೋಮ್‌ನಲ್ಲಿ ಗಾಜಿನ ತೊಟ್ಟಿಯೊಳಗೆ ಬ್ಯಾಲೆ ಪ್ರದರ್ಶಿಸಿ ಹೆಸರಾದರು. ಇಂಥ ಪ್ರದರ್ಶನಗಳಿಂದ ಸಿಂಕ್ರೊನೈಸ್ಡ್ ಈಜು ಜನಪ್ರಿಯವಾಯಿತು. ಅದು ಒಲಿಂಪಿಕ್ಸ್‌ಗೆ ಸೇರಿದ್ದು 1984ರಲ್ಲಿ. ಅನೆಟ್ 1975ರಲ್ಲೇ ತೀರಿಕೊಂಡಿದ್ದರು.

ಹಾಗಾದರೆ ಈಜೇ ಔಷಧಿಯೇ?

ಅಲ್ಲ. ನೀರು ಮೈಭಾರವನ್ನು ಹೊರುತ್ತದೆ. ಹಾಗಾಗಿ ಮೂಳೆಯ ಮೇಲೆ ಹೆಚ್ಚು ಹೊರೆ ಬೀಳದೆ ಸ್ನಾಯುಗಳು ಬಲಗೊಳ್ಳುತ್ತವೆ. ಈ ಲಾಭ ನಿಜ. ಆದರೆ ರಿಕೆಟ್ಸ್‌ಗೆ ಮುಖ್ಯ ಕಾರಣ ವಿಟಮಿನ್ ಡಿ ಅಥವಾ ಕ್ಯಾಲ್ಸಿಯಂ ಕೊರತೆ. ಅದನ್ನು ಈಜು ತುಂಬಿಕೊಡುವುದಿಲ್ಲ. ಅನೆಟ್ ಮಗುವಾಗಿದ್ದಾಗ ವಿಟಮಿನ್ ಡಿ ಇನ್ನೂ ಪತ್ತೆಯಾಗಿರಲಿಲ್ಲ. ಇಂದು ಔಷಧಿ ಇದೆ.

ಬಿಸಿಲು ಬಿದ್ದಾಗ ನಮ್ಮ ಚರ್ಮವೇ ವಿಟಮಿನ್ ಡಿ ತಯಾರಿಸುತ್ತದೆ. ಕೆಳದಿ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬಿಸಿಲು ಕಾಣುವುದೇ ಅಪರೂಪ. ಮಕ್ಕಳ ವಿಷಯದಲ್ಲಿ ಇದು ನೆನಪಿರಲಿ.

ಎರಡು ವರ್ಷ ದಾಟಿದ ಮೇಲೂ ಮಗುವಿನ ಕಾಲು ಬಿಲ್ಲಿನಂತೆ ಬಾಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಈಜು ಖಂಡಿತ ಕಲಿಸಿ, ಆದರೆ ಅದನ್ನು ನಂಬಿ ಚಿಕಿತ್ಸೆ ಮಾತ್ರ ಬಿಡಬೇಡಿ.