ಮುಚ್ಚಿದ ಸ್ಟುಡಿಯೋ, ಬಿಟ್ಟ ಪ್ರೆಸ್ಸು, ಆಮೇಲೆ ಸಿನಿಮಾ: ಹೀಗಿದ್ದರು ದಾದಾಸಾಹೇಬ್ ಫಾಲ್ಕೆ

ಡಾ. ರಾಜ್‌ಕುಮಾರ್ ಅವರಿಗೆ 1995ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂದದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದ್ರೆ ಆ ಫಾಲ್ಕೆ ನಲವತ್ತು ದಾಟುವ ತನಕ ಯಾವ ಕಸುಬಿನಲ್ಲೂ ನೆಲೆ ನಿಂತವರಲ್ಲ ಅನ್ನೋದು ಗೊತ್ತಿರೋರು ಕಡಿಮೆ.

ಶಿರಡಿಗೆ ಹೋದವರು ಹಾಗೇ ನೋಡಿಕೊಂಡು ಬರುವ ತ್ರ್ಯಂಬಕೇಶ್ವರವೇ ಅವರ ಹುಟ್ಟೂರು. ಹುಟ್ಟಿದ್ದು 1870ರ ಏಪ್ರಿಲ್ 30. ಪೂರ್ತಿ ಹೆಸರು ಧುಂಡಿರಾಜ್ ಗೋವಿಂದ ಫಾಲ್ಕೆ. ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್, ಆಮೇಲೆ ಬರೋಡಾದ ಕಲಾಭವನದಲ್ಲಿ ಚಿತ್ರಕಲೆ, ಫೋಟೋಗ್ರಫಿ ಕಲಿತರು.

ಗುಜರಾತಿನ ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ಇಟ್ಟರು. ಕ್ಯಾಮೆರಾ ಎದುರು ನಿಂತರೆ ಆಯಸ್ಸು ಕಮ್ಮಿ ಆಗುತ್ತೆ ಎಂದು ಜನ ಹೆದರುತ್ತಿದ್ದ ಕಾಲ ಅದು, ಗಿರಾಕಿ ಎಲ್ಲಿಂದ ಬರಬೇಕು? ಅಷ್ಟರಲ್ಲಿ ಪ್ಲೇಗ್ ಬಂತು. ಹೆಂಡತಿ, ಮಗು ಇಬ್ಬರೂ ತೀರಿಕೊಂಡರು. ಫಾಲ್ಕೆ ಬಾಗಿಲು ಹಾಕಿ ಊರು ಬಿಟ್ಟರು. ಕೆಲಕಾಲ ಜಾದೂಗಾರನ ವೇಷ ಹಾಕಿದರು. ಫಾಲ್ಕೆ ಅನ್ನೋದನ್ನೇ ತಿರುಗಿಸಿ ಪ್ರೊಫೆಸರ್ ಕೆಲ್ಫಾ ಎಂದು ಹೆಸರಿಟ್ಟುಕೊಂಡರು. ಪುರಾತತ್ವ ಇಲಾಖೆಯಲ್ಲೂ ಸ್ವಲ್ಪ ದಿನ ಕೆಲಸ ಮಾಡಿದರು. ಕೊನೆಗೆ ಪಾಲುದಾರರ ಜೊತೆ ಸೇರಿ ಬ್ಲಾಕ್ ಮಾಡುವ, ಮುದ್ರಣದ ಪ್ರೆಸ್ ಹಾಕಿದರು. ಬಣ್ಣದ ಮುದ್ರಣ ಕಲಿಯಲು 1909ರಲ್ಲಿ ಜರ್ಮನಿಗೂ ಹೋಗಿ ಬಂದರು. ವ್ಯಾಪಾರ ಚೆನ್ನಾಗೇ ಇತ್ತು, ಆದರೆ ಪಾಲುದಾರರ ಜೊತೆ ಜಗಳ ಆಯ್ತು. ಉಟ್ಟ ಬಟ್ಟೆಯಲ್ಲಿ ಎನ್ನುವಂತೆ ಹೊರಗೆ ಬಂದರು.

1911ರಲ್ಲಿ ಮುಂಬೈನ ಒಂದು ಟೆಂಟಿನಲ್ಲಿ ಏಸುವಿನ ಜೀವನದ ಮೂಕಿ ಚಿತ್ರ ನೋಡಿದರು. ಪರದೆ ಮೇಲೆ ಏಸು ನಡೆಯುತ್ತಿದ್ದರೆ ಇವರ ಕಣ್ಣಿಗೆ ರಾಮ, ಕೃಷ್ಣರು ಕಾಣುತ್ತಿದ್ದರು. ಆಮೇಲೆ ದಿನವೂ ಸಿನಿಮಾ, ನಿದ್ದೆ ಇಲ್ಲ. ಸ್ವಲ್ಪ ಕಾಲ ದೃಷ್ಟಿಯೇ ಹೋಗಿತ್ತು. ವಾಸಿಯಾದದ್ದೇ ತಡ, ವಿಮೆ ಪಾಲಿಸಿ ಅಡವಿಟ್ಟು 1912ರ ಫೆಬ್ರವರಿಯಲ್ಲಿ ಲಂಡನ್‌ಗೆ ಹೊರಟರು. ಕ್ಯಾಮೆರಾ, ರಂಧ್ರ ಹೊಡೆಯುವ ಯಂತ್ರ ಖರೀದಿಸಿ ಏಪ್ರಿಲ್‌ನಲ್ಲಿ ವಾಪಸ್.

ದುಡ್ಡು ಹಾಕುವವರನ್ನು ಬಾಯಿಮಾತಲ್ಲಿ ನಂಬಿಸೋದು ಕಷ್ಟ ಅನ್ನೋದು ಅಷ್ಟು ಹೊತ್ತಿಗೆ ಅವರಿಗೆ ಗೊತ್ತಾಗಿತ್ತು. ಒಂದು ಕುಂಡದಲ್ಲಿ ಬಟಾಣಿ ಬಿತ್ತಿದರು. ಎದುರಿಗೆ ಕ್ಯಾಮೆರಾ ಅಲುಗಾಡದಂತೆ ನಿಲ್ಲಿಸಿ, ತಿಂಗಳ ಮೇಲೆ ದಿನವೂ ಸ್ವಲ್ಪ ಸ್ವಲ್ಪ ಚಿತ್ರ ತೆಗೆದರು. ಓಡಿಸಿದರೆ ಕಾಳು ಮೊಳಕೆಯೊಡೆದು ಕಣ್ಣೆದುರೇ ಬಳ್ಳಿಯಾಗಿ ಬೆಳೆಯಿತು. ಹಿಂದಿನ ಜಾದೂಗಾರ ಇಲ್ಲಿ ಉಪಯೋಗಕ್ಕೆ ಬಂದ. ಅದನ್ನು ನೋಡಿದ ಮೇಲೆ ಸಾಲ ಹುಟ್ಟಿತು. ಎರಡನೇ ಹೆಂಡತಿ ಸರಸ್ವತಿಬಾಯಿ ತಮ್ಮ ಒಡವೆಯನ್ನೂ ಕೊಟ್ಟರು. ಅಷ್ಟೇ ಅಲ್ಲ, ಇಡೀ ತಂಡಕ್ಕೆ ಅಡುಗೆ ಮಾಡಿದವರು, ರಾತ್ರಿ ಕತ್ತಲೆಯಲ್ಲಿ ಫಿಲ್ಮಿಗೆ ರಂಧ್ರ ಹೊಡೆದು ತೊಳೆದವರು ಆಕೆಯೇ. ಪ್ರಶಸ್ತಿಯಲ್ಲಿ ಅರ್ಧ ಹೆಸರು ಆಕೆಯದ್ದೂ ಇರಬೇಕಿತ್ತು.

ರಾಜಾ ಹರಿಶ್ಚಂದ್ರ ಚಿತ್ರದ ತಾರಾಮತಿ ಪಾತ್ರಕ್ಕೆ ಯಾವ ಹೆಂಗಸೂ ಒಪ್ಪಲಿಲ್ಲ. ಕೊನೆಗೆ ಹೋಟೆಲ್‌ನಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದರು. ರೋಹಿತನಾಗಿ ಫಾಲ್ಕೆಯವರ ಮಗನೇ ಬಂದ. ಚಿತ್ರ 1913ರ ಮೇ 3ರಂದು ಮುಂಬೈನ ಕಾರೋನೇಷನ್ ಥಿಯೇಟರಿನಲ್ಲಿ ತೆರೆ ಕಂಡಿತು.

ಸೂರತ್‌ನಲ್ಲಿ ಮಾತ್ರ ಮೊದಲ ದಿನ ಮೂರೇ ರೂಪಾಯಿ ಗಲ್ಲಾ ಎಂಬ ಕಥೆ ಇದೆ. ಎರಡಾಣೆಗೆ ಆರು ಗಂಟೆ ನಾಟಕ ಸಿಗುವಾಗ ಮೂರಾಣೆ ಕೊಟ್ಟು ಒಂದೂವರೆ ಗಂಟೆ ಸಿನಿಮಾ ಯಾರು ನೋಡ್ತಾರೆ? ಫಾಲ್ಕೆ ದರ ಇಳಿಸಲಿಲ್ಲ, ಜಾಹೀರಾತು ಬದಲಿಸಿದರು. 57,000 ಫೋಟೋ, ಎರಡು ಮೈಲಿ ಉದ್ದದ ಚಿತ್ರ, ಎಲ್ಲಾ ಬರೀ ಮೂರಾಣೆಗೆ ಎಂದು ಸಾರಿದರು. ಜನ ನುಗ್ಗಿದರು. ಚಿತ್ರದ ನಿಜವಾದ ಉದ್ದ 3,700 ಅಡಿ, ಅಂದ್ರೆ ಒಂದು ಮೈಲಿಯೂ ಇಲ್ಲ. ಫೋಟೋ ಲೆಕ್ಕ ಮಾತ್ರ ಹೆಚ್ಚೂಕಮ್ಮಿ ಸರಿಯೇ.

1917ರ ಲಂಕಾ ದಹನ ಭಾರೀ ಓಡಿತು. ಅದರಲ್ಲಿ ರಾಮನೂ ಸೀತೆಯೂ ಒಬ್ಬನೇ ಸಾಳುಂಕೆ! ಬಂದ ನಾಣ್ಯ ಸಾಗಿಸಲು ಎತ್ತಿನಗಾಡಿ ಬೇಕಾಯಿತಂತೆ. ದುಡ್ಡಿದ್ದವರು ಬಂದು ಸೇರಿ ಹಿಂದೂಸ್ತಾನ್ ಫಿಲಂಸ್ ಕಂಪನಿ ಆಯಿತು. ಮತ್ತೆ ಪಾಲುದಾರರು, ಮತ್ತೆ ಅದೇ ಜಗಳ. ಕೆಲಸದಲ್ಲಿ ಕೆಟ್ಟು ಕೆಟ್ಟು ಕಲಿತ ಮನುಷ್ಯ, ಪಾಲು ವ್ಯವಹಾರದ ಪಾಠವನ್ನು ಮಾತ್ರ ಕಡೆಯವರೆಗೂ ಕಲಿಯಲಿಲ್ಲ. ಮುನಿಸಿಕೊಂಡು ಕಾಶಿಗೆ ಹೋಗಿ ರಂಗಭೂಮಿ ಎಂಬ ಮರಾಠಿ ನಾಟಕ ಬರೆದರು. ಅದೂ ಓಡಲಿಲ್ಲ. ವಾಪಸ್ ಬಂದು ಅದೇ ಕಂಪನಿ ಸೇರಿದರು.

ಸೇತುಬಂಧನ ಎಂಬ ಮೂಕಿ ಚಿತ್ರ ಮುಗಿಯುವ ಹೊತ್ತಿಗೆ ಟಾಕಿ ಬಂದಿತ್ತು. ಅದಕ್ಕೆ ಆಮೇಲೆ ಧ್ವನಿ ಕೂಡಿಸಿದರೂ ಕಾಲ ಮುಂದೆ ಹೋಗಿಬಿಟ್ಟಿತ್ತು. ಕೊಲ್ಲಾಪುರದ ಕಂಪನಿಗಾಗಿ ತೆಗೆದ ಗಂಗಾವತರಣ 1937ರಲ್ಲಿ ಬಂತು. ಅವರು ನಿರ್ದೇಶಿಸಿದ ಟಾಕಿ ಅದೊಂದೇ, ಕೊನೆಯದ್ದೂ ಅದೇ. ನಾಸಿಕ್‌ನಲ್ಲಿ 1944ರ ಫೆಬ್ರವರಿ 16ರಂದು ತೀರಿಕೊಂಡಾಗ ಅವರು ಸಿನಿಮಾದವರಿಗೆ ಮರೆತೇ ಹೋದಂತಾಗಿತ್ತು. ಅವರ ಹೆಸರಿನ ಪ್ರಶಸ್ತಿ ಶುರುವಾದದ್ದು ಅದಾಗಿ 25 ವರ್ಷಕ್ಕೆ. ಮೊದಲು ಅದು ಸಿಕ್ಕಿದ್ದು ಬೆಂಗಳೂರಿನ ಹತ್ತಿರ ತಾತಗುಣಿ ಎಸ್ಟೇಟ್‌ನಲ್ಲಿ ನೆಲೆಸಿದ್ದ ದೇವಿಕಾ ರಾಣಿ ಅವರಿಗೆ.